ಹಳೇ ಜರಿ ಸೀರೆ ಕೊಳ್ಳುವಾಗ ಏನೇನು ನೋಡಬೇಕು?

ಸೆರಗಿನಂಚು:

ನಮಸ್ಕಾರ ಎಲ್ಲರಿಗೂ. ಒಂದು ಸೀರೆ ವಿಷಯಕ್ಕೆ ಸಲಹೆ ಬೇಕಿತ್ತು, ಸ್ವಲ್ಪ ಬೇಗ.

ಹಳೇ ಸೀರೆಗಳನ್ನು ಆನ್‌ಲೈನ್‌ನಲ್ಲಿ ಮಾರುವ ಒಬ್ಬರು ಮೈಸೂರು ಸಿಲ್ಕ್ ಒಂದನ್ನು ಹಾಕಿದ್ದಾರೆ. ಕಡು ನೇರಳೆ ಒಡಲು, ಎರಡು ಬೆರಳು ಅಗಲದ ಜರಿ ಅಂಚು, ಸೆರಗಿನಲ್ಲಿ ಸಣ್ಣ ಸಣ್ಣ ಪಟ್ಟೆ. ನೋಡಿದ ಕೂಡಲೇ ಮನಸ್ಸು ಹೋಯಿತು. "1950ರ ಅರಮನೆ ಕಾಲದ ಕೈಮಗ್ಗದ ಮೈಸೂರು ಸಿಲ್ಕ್, ಅಪ್ಪಟ ಚಿನ್ನದ ಜರಿ, ಇದೊಂದೇ ಪೀಸ್" ಎಂದು ಬರೆದಿದ್ದಾರೆ. ಬೆಲೆ 18,000 ರೂಪಾಯಿ. ಫೋಟೊ ಇರುವುದು ಮೂರೇ, ಮೂರೂ ಹಳದಿ ದೀಪದ ಬೆಳಕಿನಲ್ಲಿ ತೆಗೆದದ್ದು. ದುಡ್ಡು ಮೊದಲೇ ಹಾಕಬೇಕಂತೆ, ವಾಪಸ್ ತೆಗೆದುಕೊಳ್ಳುವುದಿಲ್ಲವಂತೆ.

ಹೊಸ ಸೀರೆ ಬೇಡ ಅಂತಲ್ಲ. ಆದರೆ ಹಳೇ ಮೈಸೂರು ಸಿಲ್ಕ್ ಮೈಮೇಲೆ ಬೀಳುವ ರೀತಿ, ಆ ಸಣ್ಣ ಅಂಚು, ಆ ಗಾಢ ಬಣ್ಣ ನನಗೆ ತುಂಬಾ ಇಷ್ಟ. ನಮ್ಮ ಮನೆಯ ಹಳೇ ಸೀರೆಗಳೆಲ್ಲ ದೊಡ್ಡಮ್ಮ, ಚಿಕ್ಕಮ್ಮಂದಿರಿಗೆ ಹಂಚಿಹೋಗಿವೆ. ಹಾಗಾಗಿ ಹೊರಗಡೆ ಕೊಂಡು ಕೂಡಿಸಬೇಕು ಅಂತಿದ್ದೇನೆ. ಬೀರುವಿನಲ್ಲಿ ಇಡೋಕಲ್ಲ, ಉಡೋಕೆ.

ಜರಿ ಅಸಲಿಯೋ ಅಲ್ಲವೋ ಹೇಗೆ ನೋಡುವುದು? ಸೀರೆ ನಿಜಕ್ಕೂ ಅಷ್ಟು ಹಳೆಯದಾ ಅಂತ ಗೊತ್ತಾಗೋದು ಹೇಗೆ? ಬೆಲೆ ಸರಿಯಾ? ಮತ್ತೆ ಇಂಥ ಸೀರೆಗಳನ್ನು ನೀವೆಲ್ಲ ಎಲ್ಲಿ ಹುಡುಕುತ್ತೀರಿ? ಇನ್ನೊಂದು, ಇದೇ ಜಾಗದಲ್ಲಿ ಎಚ್‌ಎಂಟಿ ಲೇಡೀಸ್ ವಾಚ್ ಕೂಡ ಒಂದಿದೆ, ಕೀ ಕೊಡೋದು, ಡಯಲ್ ಪಚ್ಚೆ ಹಸಿರು. ಅದನ್ನೂ ತೆಗೆದುಕೊಳ್ಳಲಾ?

ಪೇಟೆ ಬೀದಿ:

ಮೇಡಂ, ದುಡ್ಡು ಇನ್ನೂ ಹಾಕಿಲ್ಲ ಅಲ್ವಾ? ಸ್ವಲ್ಪ ತಡೆಯಿರಿ.

ನಮ್ಮದು ಚಿಕ್ಕಪೇಟೆಯಲ್ಲಿ ಸೀರೆ ವ್ಯಾಪಾರ, ತಾತನ ಕಾಲದಿಂದ. ಆ ಬರಹದಲ್ಲೇ ಎರಡು ಮಾತು ಒಂದಕ್ಕೊಂದು ಕೂಡುವುದಿಲ್ಲ. ಮೈಸೂರಿನ ರೇಷ್ಮೆ ನೇಯ್ಗೆ ಕಾರ್ಖಾನೆ ಶುರುವಾದದ್ದು 1912ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ. ಮಗ್ಗಗಳನ್ನು ಸ್ವಿಟ್ಜರ್ಲೆಂಡಿನಿಂದ ತರಿಸಿದ್ದರು. ಅಂದರೆ ಮೊದಲಿನಿಂದಲೂ ಅದು ಯಂತ್ರದ ಮಗ್ಗದ ಬಟ್ಟೆ. 1980ರಲ್ಲಿ ಕಾರ್ಖಾನೆ ಕೆಎಸ್‌ಐಸಿ, ಅಂದರೆ ರಾಜ್ಯ ಸರ್ಕಾರದ ರೇಷ್ಮೆ ಉದ್ಯಮಗಳ ನಿಗಮದ ಕೈಗೆ ಬಂತು, ಆಗಲೂ ಅದೇ. ಅದರ ಹೆಚ್ಚುಗಾರಿಕೆ ಇರುವುದು ನೂಲಿಗೆ ಕೊಡುವ ಬಿಗಿ ಹುರಿಯಲ್ಲಿ. ಬಲಕ್ಕೆ ಹುರಿದ ಎಳೆ, ಎಡಕ್ಕೆ ಹುರಿದ ಎಳೆ ಸರದಿಯ ಮೇಲೆ ಹಾಕಿ ನೇಯುತ್ತಾರೆ. ಕ್ರೇಪ್ ಬಟ್ಟೆಗೆ ಆ ಸಣ್ಣ ತರಿ, ಮೈಮೇಲೆ ಬೀಳುವ ಆ ಇಳಿಜಾರು ಎಲ್ಲ ಬರುವುದು ಅದರಿಂದಲೇ. ನೀವು ಇಷ್ಟಪಡುತ್ತಿರುವುದು ಆ ಹುರಿಯನ್ನೇ. ಹಾಗಾಗಿ "ಕೈಮಗ್ಗದ ಮೈಸೂರು ಸಿಲ್ಕ್" ಎಂದು ಬರೆದವರಿಗೆ ಒಂದೋ ಸೀರೆ ಗೊತ್ತಿಲ್ಲ, ಇಲ್ಲವೋ ಗಿರಾಕಿಗೆ ಗೊತ್ತಿಲ್ಲ ಎಂದುಕೊಂಡಿದ್ದಾರೆ.

"ಅಪ್ಪಟ ಚಿನ್ನದ ಜರಿ" ಅನ್ನುವುದೂ ಅಷ್ಟೇ. ಜರಿ ಅಂದರೆ ನಡುವೆ ಒಂದು ರೇಷ್ಮೆ ಎಳೆ, ಅದರ ಸುತ್ತ ಚಪ್ಪಟೆ ಮಾಡಿದ ಬೆಳ್ಳಿ ತಂತಿ, ಅದರ ಮೇಲೆ ತೆಳ್ಳಗೆ ಚಿನ್ನದ ಲೇಪ. ಕೆಎಸ್‌ಐಸಿಯವರೇ ಈಗ ತಮ್ಮ ಜರಿಗೆ ಹೇಳುವ ಲೆಕ್ಕ ಶೇ. 65 ಬೆಳ್ಳಿ, ಶೇ. 0.65 ಚಿನ್ನ. ಅಂಚು, ಸೆರಗು ಸೇರಿ ನೂರು ಗ್ರಾಂ ಜರಿ ಇದೆ ಅಂತಿಟ್ಟುಕೊಳ್ಳಿ. 65 ಗ್ರಾಂ ಬೆಳ್ಳಿ ಆಯಿತು, ಚಿನ್ನ ಒಂದು ಗ್ರಾಂ ಕೂಡ ಇಲ್ಲ. ಇದರಿಂದ ಜರಿಯ ಬೆಲೆ ಏನೂ ಕಮ್ಮಿ ಆಗುವುದಿಲ್ಲ. ಆದರೆ ಚಿನ್ನದ ಹೆಸರು ಹೇಳಿ ರೇಟು ಏರಿಸಿದರೆ ಒಪ್ಪಬೇಡಿ.

ಅಸಲಿಯೋ ಅಲ್ಲವೋ ನೋಡಲು ಯಂತ್ರ ಬೇಕಿಲ್ಲ, ಹಳೇ ಸೀರೆ ತಾನೇ ಹೇಳುತ್ತದೆ. ತುಂಬಾ ಸವೆದ ಜಾಗ ಯಾವುದು? ಸೊಂಟಕ್ಕೆ ಸಿಕ್ಕಿಸುವ ಕಡೆ, ಪಾದಕ್ಕೆ ಉಜ್ಜುವ ಕೆಳ ಅಂಚು, ಮತ್ತೆ ಮಡಿಕೆಗಳು. ಅಲ್ಲಿ ಚಿನ್ನದ ಲೇಪ ಹೋಗಿರುತ್ತದೆ. ಕೆಳಗೆ ಬೆಳ್ಳಗೆ, ಇಲ್ಲವೇ ಬೆಳ್ಳಿ ದೀಪದ ಹಾಗೆ ಮಸುಕು ಕಪ್ಪಾಗಿ ಕಂಡರೆ ಅದು ಬೆಳ್ಳಿ. ತಂತಿಯೇ ಕೆಂಪಗೆ, ತಾಮ್ರದ ಬಣ್ಣಕ್ಕೆ ಕಂಡರೆ ತಾಮ್ರದ ತಂತಿಯ ಜರಿ. ಎಲ್ಲೂ ಸವೆಯದೆ, ಎಲ್ಲ ಕಡೆ ಒಂದೇ ಸಮ ಹಳದಿ ಹೊಳಪಿದ್ದರೆ ಅದು ಪ್ಲಾಸ್ಟಿಕ್ ಜರಿ. ಸೆರಗಿನ ತುದಿಯಲ್ಲಿ ಬಿಟ್ಟುಕೊಂಡ ಜರಿ ಎಳೆ ಒಂದು ಸಿಕ್ಕರೆ ಉಗುರಿನಿಂದ ತಂತಿ ಬಿಡಿಸಿ, ಒಳಗಿನ ನೂಲು ನೋಡಿ. ಅಸಲಿ ಜರಿಯಲ್ಲಿ ಸಾಮಾನ್ಯವಾಗಿ ಕೆಂಪು ಬಣ್ಣ ಹಾಕಿದ ರೇಷ್ಮೆ ಎಳೆ ಇರುತ್ತದೆ.

ಬಟ್ಟೆ ರೇಷ್ಮೆಯೇ ಅಂತ ನೋಡುವುದಕ್ಕೆ ಒಡಲಿನ ಒಂದು ಎಳೆ ಸಾಕು. ಚಿಮಟದಲ್ಲಿ ಹಿಡಿದು ತಟ್ಟೆಯ ಮೇಲೆ ಸುಡಿ. ರೇಷ್ಮೆ ಆದರೆ ಕೂದಲು ಸುಟ್ಟ ವಾಸನೆ, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಆರ್ಟ್ ಸಿಲ್ಕ್, ಅಂದರೆ ಕೃತಕ ರೇಷ್ಮೆ, ಕಾಗದದ ಹಾಗೆ ಉರಿಯುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿ ಕಟ್ಟುತ್ತದೆ.

ಬೆಲೆ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನನಗೆ ಹೊಟ್ಟೆ ಉರಿಯುವುದು ಇಲ್ಲೇ. "ಹಳೇ ಜರಿ ಸೀರೆ ಕೊಳ್ಳುತ್ತೇವೆ" ಎಂಬ ಬೋರ್ಡು ನಮ್ಮ ಪೇಟೆ ಬೀದಿಗಳಲ್ಲಿ ನೀವು ನೋಡಿರುತ್ತೀರಿ. ಅಲ್ಲಿ ಸೀರೆಗೆ ಬೆಲೆ ಇಲ್ಲ, ಜರಿಯ ಬೆಳ್ಳಿಗೆ ಬೆಲೆ. ಅಂಚು, ಸೆರಗು ಕತ್ತರಿಸಿ, ಸುಟ್ಟು, ಬೆಳ್ಳಿ ತೆಗೆಯುತ್ತಾರೆ. ಅದರ ಮೇಲೆ ಎಂಥ ನೇಯ್ಗೆ ಇತ್ತು ಅನ್ನುವುದು ಯಾರಿಗೂ ಬೇಕಿಲ್ಲ. ಮದುವೆಗೆ ಉಟ್ಟ ಕಂಚಿ ಸೀರೆಗಳು, ಸೆರಗಿನ ತುಂಬ ಹಂಸ, ರುದ್ರಾಕ್ಷಿ ಅಂಚು, ಹಾಗೇ ಬೆಂಕಿಗೆ ಹೋಗುವುದನ್ನು ನಾನು ಕಣ್ಣಾರೆ ನೋಡಿದ್ದೇನೆ. ಮನೆಯವರದ್ದೂ ತಪ್ಪಲ್ಲ. ಒಡಲು ಹರಿದಿರುತ್ತದೆ, ಉಡುವವರಿಲ್ಲ, ಬೆಳ್ಳಿ ರೇಟು ಏರಿರುತ್ತದೆ. ಹಾಗಾಗಿ ಉಡುವುದಕ್ಕೆ ಕೊಳ್ಳುವ ನಿಮ್ಮಂಥವರು ಆ ಬೆಳ್ಳಿಯ ಬೆಲೆಗಿಂತ ಒಂದಿಷ್ಟು ಜಾಸ್ತಿ ಕೊಟ್ಟರೆ ಸೀರೆ ಉಳಿಯುತ್ತದೆ. ಲೆಕ್ಕ ಹಾಕುವಾಗ ಜರಿಯ ಬೆಳ್ಳಿಯ ಬೆಲೆ ಕೆಳಗಿನ ಮಿತಿ, ಕೆಎಸ್‌ಐಸಿ ಮಳಿಗೆಯಲ್ಲಿ ಅದೇ ಬಗೆಯ ಹೊಸ ಸೀರೆಯ ಬೆಲೆ ಮೇಲಿನ ಮಿತಿ ಅಂತ ಇಟ್ಟುಕೊಳ್ಳಿ. ಒಡಲು ಗಟ್ಟಿ ಇದೆಯಾ, ಬಣ್ಣ ಮಾಸಿದೆಯಾ ಅನ್ನುವುದರ ಮೇಲೆ ಈ ಎರಡರ ನಡುವೆ ಎಲ್ಲೋ ಒಂದು ಕಡೆ ಬೆಲೆ ಕೂರುತ್ತದೆ. ತುಂಬಾ ಅಪರೂಪದ ವಿನ್ಯಾಸ ಇದ್ದರೆ ಮಾತು ಬೇರೆ.

ಈಗ ಆ ಮಾರುವವರಿಗೆ ಹೀಗೆ ಕೇಳಿ. ಹಗಲು ಬೆಳಕಿನಲ್ಲಿ, ಸೀರೆಯ ಹಿಂಬದಿಯ ಫೋಟೊ ಒಂದು. ಮಡಿಕೆ ಬಿಡಿಸಿ, ಮಡಿಕೆ ಗೆರೆಯ ಮೇಲೆ ಹತ್ತಿರದಿಂದ ಒಂದು. ಸೊಂಟಕ್ಕೆ ಸಿಕ್ಕಿಸುವ ಕಡೆಯ ಜರಿಯದ್ದು ಒಂದು. ಕೊಟ್ಟರೆ ಮಾತು ಮುಂದುವರಿಸಿ.

ಹಳೇ ಡಬ್ಬಿ:

ಪೇಟೆ ಬೀದಿಯವರು ಹೇಳಿದ್ದು ನೂರಕ್ಕೆ ನೂರು ಸರಿ. ಆದರೆ ಕೊಳ್ಳುವ ಮೊದಲು ಎಳೆ ಕಿತ್ತು ಸುಡೋಕೆ ಯಾರೂ ಬಿಡುವುದಿಲ್ಲ, ಬಿಡಲೂಬಾರದು. ಹಳೇ ಸೀರೆಯಲ್ಲಿ ಒಂದು ಎಳೆ ಎಳೆದರೆ ಪಕ್ಕದ ನಾಲ್ಕು ಸಡಿಲ ಆಗುತ್ತವೆ. ತಾನಾಗಿ ಬಿಟ್ಟುಕೊಂಡ ಎಳೆ ಸಿಕ್ಕರೆ ಮಾತ್ರ ನೋಡಿ.

ವಯಸ್ಸು ತಿಳಿಯುವುದಕ್ಕೆ ನಾನು ಸೀರೆ ಜೊತೆ ಬರುವ ಚೀಟಿ, ಡಬ್ಬಿ, ಕವರು ನೋಡುತ್ತೇನೆ. ವಿಳಾಸದಲ್ಲಿ ಪಿನ್‌ಕೋಡ್ ಇದ್ದರೆ ಅದು 1972ಕ್ಕಿಂತ ಹಳೆಯದಲ್ಲ, ಆ ವರ್ಷದ ಆಗಸ್ಟಿನಲ್ಲಿ ಪಿನ್‌ಕೋಡ್ ಬಂದದ್ದು. "ಮೈಸೂರು ರಾಜ್ಯ" ಎಂದು ಅಚ್ಚಾಗಿದ್ದರೆ 1973ರ ನವೆಂಬರಿಗಿಂತ ಹಿಂದಿನ ಅಚ್ಚು. ಅಪ್ಪಟ ರೇಷ್ಮೆ ಎಂದು ಖಾತ್ರಿ ಕೊಡುವ ಸಿಲ್ಕ್ ಮಾರ್ಕ್ ಚೀಟಿ ಇದ್ದರೆ 2004ರ ಈಚಿನದ್ದು, ಅದಕ್ಕೆ ಮೊದಲು ಆ ಗುರುತೇ ಇರಲಿಲ್ಲ. ಆದರೆ ಡಬ್ಬಿ ಹಳೆಯದು, ಒಳಗಿನ ಸೀರೆ ಹೊಸದು ಆಗಿರಬಹುದು. ಚೀಟಿ ಸೀರೆಗೆ ಹೊಲಿದಿದ್ದರೆ ಮಾತ್ರ ಪೂರ್ತಿ ನಂಬುತ್ತೇನೆ.

ಉದ್ದವನ್ನೂ ಕೇಳಿ. ಹಳೇ ಆರು ಗಜದ ಸೀರೆ ಸಾಮಾನ್ಯವಾಗಿ ಐದೂವರೆ ಮೀಟರ್, ರವಿಕೆ ಕಣ ಅದರಲ್ಲಿ ಬರುತ್ತಿರಲಿಲ್ಲ. ಆರೂಕಾಲು ಮೀಟರ್ ಇದ್ದು, ತುದಿಯಲ್ಲಿ ರವಿಕೆ ಬಟ್ಟೆಯೂ ಕೂಡಿಕೊಂಡಿದ್ದರೆ "1950" ಅನ್ನುವುದನ್ನು ಮರೆತುಬಿಡಿ.

ಕೆಎಸ್‌ಐಸಿಯವರು ಈಗ ಪ್ರತಿ ಸೀರೆಗೂ ನಂಬರು, ಹೊಲೊಗ್ರಾಮ್ ಕೊಡುತ್ತಾರೆ. ಹಳೇ ಸೀರೆಯಲ್ಲಿ ಅದಿಲ್ಲ ಅಂದ ಮಾತ್ರಕ್ಕೆ ನಕಲಿ ಅಂದುಕೊಳ್ಳಬೇಡಿ.

ಹುನಗುಂದದಾಕಿ:

ಎಲ್ಲರೂ ಮೈಸೂರು ಸಿಲ್ಕು, ಕಂಚಿ ಅಂತೀರಿ. ಉಡೋಕೆ ಕೂಡಿಸಬೇಕು ಅಂದರೆ ಇಳಕಲ್ ಸೀರೆ ಕಡೆ ಒಮ್ಮೆ ನೋಡಿ ಅಕ್ಕ. ನಮ್ಮ ಕಡೆ ಒಂದೊಂದು ಮನೆಯ ಟ್ರಂಕಿನಲ್ಲೂ ಇವೆ. ಬೆಳ್ಳಿ ಇಲ್ಲದ್ದಕ್ಕೆ ಇವನ್ನು ಯಾರೂ ಸುಡಲಿಕ್ಕೆ ಒಯ್ಯುವುದಿಲ್ಲ, ಆದರೆ ಬೇರೆ ದಾರಿಯಲ್ಲಿ ಹೋಗುತ್ತವೆ. ಹಳೇ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡುವವರು ಓಣಿಗೆ ಬರುತ್ತಾರೆ, ಒಂದು ಡಬ್ಬಿಗೆ ಮೂರು ಸೀರೆ ಹೋಗುತ್ತವೆ. ಉಳಿದವು ಕೌದಿ ಆಗುತ್ತವೆ. ಕೌದಿ ಆದರೆ ನನಗೆ ಬೇಸರ ಇಲ್ಲ, ಅವ್ವನ ಸೀರೆ ಹೊದ್ದು ಮಲಗಿದ ಹಾಗೆ ಇರುತ್ತದೆ. ಪಾತ್ರೆಗೆ ಕೊಟ್ಟರೆ ಮಾತ್ರ ಸಂಕಟ ಆಗುತ್ತದೆ.

ಇಳಕಲ್ ಸೀರೆ ಅಸಲಿ ಅಂತ ತಿಳಿಯಬೇಕಾದರೆ ಸೆರಗು ಒಡಲಿಗೆ ಕೂಡುವ ಗೆರೆ ನೋಡಬೇಕು. ಹಾಸು ಅಂದರೆ ಸೀರೆಯ ಉದ್ದಕ್ಕೆ ಓಡುವ ಎಳೆಗಳು. ನಮ್ಮಲ್ಲಿ ಒಡಲಿನ ಹಾಸೇ ಬೇರೆ, ಸೆರಗಿನ ಹಾಸೇ ಬೇರೆ. ಒಡಲು ಹತ್ತಿ ಇರಬಹುದು, ರೇಷ್ಮೆ ಇರಬಹುದು, ಹಸಿರೋ ಕಪ್ಪೋ ಯಾವುದೋ ಬಣ್ಣ. ಸೆರಗಿನ ಹಾಸು ಮಾತ್ರ ಕೆಂಪು. ಈ ಎರಡು ಹಾಸಿನ ಎಳೆಗಳನ್ನು ಒಂದೊಂದಾಗಿ ಕೊಂಡಿ ಹಾಕಿ ಕೂಡಿಸುತ್ತಾರೆ. ಸಾವಿರಾರು ಎಳೆ, ಅಷ್ಟೂ ಕೊಂಡಿ, ಕೈಯಲ್ಲೇ. ಅದಕ್ಕೇ ಸೆರಗು ಅಚ್ಚ ಕೆಂಪಾಗಿ ಬರುತ್ತದೆ, ಅದರ ಮೇಲೆ ಟೋಪ ತೆನಿ ಅನ್ನುವ ಬಿಳಿ ವಿನ್ಯಾಸ ಎದ್ದು ಕಾಣುತ್ತದೆ. ಪವರ್‌ಲೂಮ್ ನಕಲಿನಲ್ಲಿ ಒಂದೇ ಹಾಸು ಈ ತುದಿಯಿಂದ ಆ ತುದಿವರೆಗೆ ಓಡಿರುತ್ತದೆ. ಹಸಿರು ಒಡಲಿದ್ದರೆ ಆ ಹಸಿರು ಎಳೆಯೇ ಸೆರಗಿನ ಒಳಗೂ ಇರುತ್ತದೆ, ಕೆಂಪು ಮಂಕಾಗಿ ಕಾಣುತ್ತದೆ. ಸೆರಗಿನ ತುದಿಯಲ್ಲಿ ಬಿಟ್ಟ ಎಳೆಗಳ ಬಣ್ಣ ನೋಡಿದರೆ ಗೊತ್ತಾಗಿಬಿಡುತ್ತದೆ. ಕೆಂಪು ಬಿಟ್ಟು ಒಡಲಿನ ಬಣ್ಣ ಬಂದರೆ ಅಲ್ಲಿಗೆ ಮುಗಿಯಿತು.

ದಡಿಯಲ್ಲೂ, ಅಂದರೆ ಅಂಚಿನಲ್ಲೂ ಬಗೆ ಇವೆ. ಗೋಮಿ, ಪರಾಸ್, ಗಾಡಿ ಅಂತ. ನನಗೆ ಸೇರುವುದು ಗೋಮಿ ದಡಿ. ಹಳೇ ಒಂಬತ್ತು ಗಜದವು ಸಿಕ್ಕರೆ ಬಿಡಬೇಡಿ, ಅವನ್ನು ಕೇಳುವವರು ಕಮ್ಮಿ, ಹಾಗಾಗಿ ಬೆಲೆಯೂ ಕಮ್ಮಿ. ಎಂಟು ಮೀಟರಿಗೂ ಜಾಸ್ತಿ ಬಟ್ಟೆ.

ಕಸೂತಿ ಹಾಕಿದ್ದು ಸಿಕ್ಕರೆ ತಿರುಗಿಸಿ ಹಿಂಬದಿ ನೋಡಿ. ಗವಂತಿ, ಮುರಗಿ ಹೊಲಿಗೆಯಲ್ಲಿ ಎರಡೂ ಬದಿ ಒಂದೇ ಥರ ಇರುತ್ತದೆ, ಗಂಟು ಕಾಣುವುದಿಲ್ಲ. ಬಟ್ಟೆಯ ಎಳೆ ಎಣಿಸಿ ಹಾಕುತ್ತಾರೆ, ಮೊದಲೇ ಗೆರೆ ಬರೆದುಕೊಳ್ಳುವುದಿಲ್ಲ. ದಾರದ ಕೆಳಗೆ ಅಚ್ಚಿನ ನೀಲಿ ಗೆರೆ ಇಣುಕಿದರೆ, ಇಲ್ಲವೇ ಹಿಂಬದಿ ಪೂರ್ತಿ ಒಂದೇ ಬಣ್ಣದ ದಾರ ಓಡಿದ್ದರೆ ಅದು ನಮ್ಮ ಅಜ್ಜಿಯರು ಹಾಕುತ್ತಿದ್ದ ಕಸೂತಿ ಅಲ್ಲ. ಚಂದ್ರಕಾಳಿ ಅಂತ ಕಪ್ಪು ಸೀರೆ ಬರುತ್ತದೆ, ಅದರ ಮೇಲೆ ಗೋಪುರ, ತೇರು, ಆನೆ, ತುಳಸಿ ಕಟ್ಟೆ ಹಾಕಿದ್ದು. ಕೈಗೆ ಸಿಕ್ಕರೆ ಬೆಲೆ ಚೌಕಾಸಿ ಮಾಡಬೇಡಿ, ಕೇಳಿದಷ್ಟು ಕೊಟ್ಟು ತಗೊಳ್ಳಿ. ಕಣ್ಣು ಸೋತುಹೋಗುವ ಕೆಲಸ ಅದು.

ಮತ್ತೆ ಗುಳೇದಗುಡ್ಡ ಖಣ. ಬರೀ ಕುಪ್ಪಸಕ್ಕೆ ಸಾಕಾಗುವಷ್ಟೇ ಅಗಲಕ್ಕೆ ನೇಯ್ದ ತುಂಡುಗಳು. ತೇರು, ಸೂಜಿಮಲ್ಲಿಗೆ ಅಂತ ವಿನ್ಯಾಸಗಳು. ಉಡಿ ತುಂಬಲಿಕ್ಕೆ ಕೊಟ್ಟ ಖಣ ಎಷ್ಟೋ ಮನೆಗಳಲ್ಲಿ ಹೊಲಿಸದೆ ಹಾಗೇ ಮಡಚಿ ಇಟ್ಟಿದ್ದಾರೆ. ಹೊಸದಾಗಿ ಕೂಡಿಸುವವರು ಇದರಿಂದಲೇ ಶುರು ಮಾಡುವುದು ಛಲೋ. ಕೈಗೆಟುಕುವ ಬೆಲೆ, ಇಡೋಕೆ ಜಾಗ ಸಾಕು, ಹೊಲಿಸಿದರೆ ಯಾವ ಸೀರೆ ಮೇಲಾದರೂ ಹಾಕಿಕೊಳ್ಳಬಹುದು.

ಎಲ್ಲಿ ಹುಡುಕಬೇಕು ಅಂತ ಕೇಳಿದಿರಿ. ಗುರುತಿನವರ ಮನೆಗಳಲ್ಲೇ ಹುಡುಕಿ. ಹಿರಿಯರ ಹತ್ತಿರ ಕೂತು, ಆ ಸೀರೆ ಯಾವಾಗಿನದ್ದು, ಎಲ್ಲಿ ತಂದದ್ದು ಕೇಳಿದರೆ ಅವರೇ ಟ್ರಂಕು ತೆಗೆದು ತೋರಿಸುತ್ತಾರೆ. ಸೊಸೆಯಂದಿರಿಗೆ ಬೇಡವಾದ ಸೀರೆ ಎಷ್ಟೋ ಇರುತ್ತವೆ. ನ್ಯಾಯವಾದ ಬೆಲೆ ಕೊಡಿ. ಹಳೇದು ತಾನೆ ಅಂತ ಸುಮ್ನೆ ಕಡಿಮೆಗೆ ಕೇಳಬೇಡಿ.

ಕೀ ಕೊಡೋ ಗಡಿಯಾರ:

ವಾಚ್ ಬಗ್ಗೆ ಯಾರೂ ಹೇಳಿಲ್ಲ, ನಾನು ಹೇಳುತ್ತೇನೆ. ಪಚ್ಚೆ ಹಸಿರು ಡಯಲ್ ಅಂದರಲ್ಲ, ಅದು ನೂರರಲ್ಲಿ ತೊಂಬತ್ತು ಸಲ ಮತ್ತೆ ಬಣ್ಣ ಹೊಡೆದ ಡಯಲ್. ಎಚ್‌ಎಂಟಿ 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿ ಜೊತೆ ಸೇರಿ ಬೆಂಗಳೂರಿನಲ್ಲಿ ಕೈಗಡಿಯಾರ ಶುರು ಮಾಡಿತು, ಆಮೇಲೆ ತುಮಕೂರಿನಲ್ಲೂ ಕಾರ್ಖಾನೆ ಬಂತು. ಗಡಿಯಾರ ವಿಭಾಗ ಮುಚ್ಚಲು 2016ರಲ್ಲಿ ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟಿತು. ಅದಾದ ಮೇಲೆ ಕೇಳುವವರು ಜಾಸ್ತಿ ಆದರು. ಹಾಳಾದ ಡಯಲ್ ಕೆರೆದು, ಕಣ್ಣಿಗೆ ಹೊಡೆಯುವ ಬಣ್ಣ ಹಾಕಿ, ಬೇರೆ ಬೇರೆ ಗಡಿಯಾರದ ಭಾಗ ಕೂಡಿಸಿ ಮಾರುವುದು ನಡೆಯುತ್ತಿದೆ.

ಭೂತಗನ್ನಡಿ ಹಿಡಿದು ಅಕ್ಷರ ನೋಡಿ. ಕಾರ್ಖಾನೆಯ ಅಚ್ಚು ಕೂದಲೆಳೆಯಷ್ಟು ತೆಳ್ಳಗೆ, ಅಂಚು ಚೂಪಾಗಿ ಇರುತ್ತದೆ. ಮತ್ತೆ ಬರೆದದ್ದು ದಪ್ಪಗೆ, ಅಂಚು ಹರಡಿಕೊಂಡು, ನಿಮಿಷದ ಗೆರೆಗಳು ಒಂದಕ್ಕೊಂದು ಸಮ ಇಲ್ಲದೆ ಕಾಣುತ್ತವೆ. ಡಯಲ್ ಹೊಸದರ ಹಾಗೆ ಫಳಫಳ, ಕೇಸ್ ಮಾತ್ರ ಗೀರು ಬಿದ್ದು ಸವೆದಿದೆ ಅಂದರೂ ಅನುಮಾನ ಪಡಿ. ಹಿಂಬದಿ ಮುಚ್ಚಳ ತೆಗೆದು ಒಳಗಿನ ಯಂತ್ರದ ಫೋಟೊ ಕೇಳಿ. ಲೇಡೀಸ್ ವಾಚ್ ಬೇಕಾದರೆ ಎಚ್‌ಎಂಟಿಯದ್ದೇ ಹಳೇ ಸುಜಾತಾ ಮಾಡೆಲ್ ಹುಡುಕಿ, ಬಿಳಿ ಡಯಲ್ ಸ್ವಲ್ಪ ಹಳದಿಗೆ ತಿರುಗಿದ್ದರೂ ಪರವಾಗಿಲ್ಲ, ಅದು ಅದರ ಸ್ವಂತ ಬಣ್ಣ.

ಬೆಂಗಳೂರಿನಲ್ಲಿ ಇದ್ದರೆ ಭಾನುವಾರ ಬೆಳಿಗ್ಗೆ ಬಿ.ವಿ.ಕೆ. ಅಯ್ಯಂಗಾರ್ ರಸ್ತೆ ಕಡೆ ಸಂಡೆ ಬಜಾರಿಗೆ ಹೋಗಿ. ವಾಚು, ಹಳೇ ಕನ್ನಡಕದ ಫ್ರೇಮು, ಬೆಲ್ಟಿನ ಬಕಲ್ಲು ಎಲ್ಲ ನೆಲದ ಮೇಲೆ ಹರಡಿರುತ್ತಾರೆ. ಕೈಯಲ್ಲಿ ಹಿಡಿದು, ಕೀ ಕೊಟ್ಟು, ಕಿವಿಗೆ ಇಟ್ಟುಕೊಂಡು ಕೇಳಬಹುದು. ಬೇಗ ಹೋಗಿ, ಬಿಸಿಲು ಏರಿದ ಮೇಲೆ ಒಳ್ಳೆಯದು ಉಳಿಯುವುದಿಲ್ಲ.

ಸೆರಗಿನಂಚು:

ಎಲ್ಲರಿಗೂ ತುಂಬಾ ಧನ್ಯವಾದ. ಇಷ್ಟು ವಿವರ ಸಿಗುತ್ತೆ ಅಂದುಕೊಂಡಿರಲಿಲ್ಲ.

ಪೇಟೆ ಬೀದಿಯವರು ಹೇಳಿದ ಹಾಗೆ ಮೂರು ಫೋಟೊ ಕೇಳಿದೆ. ಒಂದೇ ಕಳಿಸಿದರು. ಹಗಲು ಬೆಳಕಿನದ್ದೇ. ಮಡಿಕೆ ಗೆರೆಯಲ್ಲಿ ಜರಿ ಸವೆದ ಕಡೆ ತಂತಿ ಸ್ಪಷ್ಟವಾಗಿ ತಾಮ್ರದ ಕೆಂಪಿಗೆ ಕಾಣುತ್ತಿದೆ. ಉದ್ದ ಕೇಳಿದ್ದಕ್ಕೆ "ಆರು ಮೀಟರ್ ಮೇಲಿದೆ, ಬ್ಲೌಸ್ ಪೀಸ್ ಕೂಡ ಇದೆ" ಅಂದರು. ಬೇಡ ಅಂದೆ. ವಾಚೂ ಬೇಡ ಅಂದೆ.

ಆದರೆ ಒಂದು ಖುಷಿ ಸುದ್ದಿ. ಆಫೀಸಿನ ಗೆಳತಿಯ ಅಮ್ಮನ ಹತ್ತಿರ ಈ ಮಾತು ತೆಗೆದಾಗ ಅವರು ಒಳಗಿಂದ ಎರಡು ಸೀರೆ ತಂದರು. ಒಂದು ಇಳಕಲ್, ಕಪ್ಪು ಒಡಲು, ಕೆಂಪು ಸೆರಗು. ತುದಿಯ ಎಳೆ ನೋಡಿದೆ, ಪೂರ್ತಿ ಕೆಂಪು! ಕೊಂಡಿ ಹಾಕಿದ ಗೆರೆ ಬೆರಳಿಗೆ ಸಣ್ಣದಾಗಿ ತಾಗುತ್ತದೆ, ಎರಡೂ ಬದಿ. ಇನ್ನೊಂದು ಅರಿಸಿನ ಬಣ್ಣದ ಮೈಸೂರು ಸಿಲ್ಕ್, ಅವರ ಮದುವೆಯದ್ದು. ಜರಿ ಸವೆದ ಕಡೆ ಬೆಳ್ಳಗಿದೆ. ಉದ್ದ ಐದೂವರೆ ಮೀಟರ್. ಎರಡನ್ನೂ ಕೊಡುತ್ತೇನೆ ಅಂದಿದ್ದಾರೆ, ಬೆಲೆ ಮಾತಾಡಿ ಆಯಿತು.

ತೊಂದರೆ ಏನಂದರೆ ಮೈಸೂರು ಸಿಲ್ಕಿನ ಒಡಲು ಎರಡು ಮಡಿಕೆ ಗೆರೆಯಲ್ಲಿ ಸೀಳಿದೆ, ಒಂದು ಗೇಣು ಉದ್ದ. ಉಳಿದ ಕಡೆ ಚೆನ್ನಾಗಿದೆ. ಬೀರುವಿನ ವಾಸನೆಯೂ ಜೋರಾಗಿದೆ, ನುಸಿ ಗುಳಿಗೆ ಹಾಕಿದ್ದರಂತೆ. ಇದನ್ನು ಉಡುವ ಹಾಗೆ ಮಾಡಬಹುದಾ?

ಮಲೆನಾಡ ಟ್ರಂಕು:

ಮಾಡಬಹುದು. ಅವಸರ ಮಾಡಬೇಡಿ ಅಷ್ಟೇ.

ಮೊದಲು ಗಾಳಿಗೆ ಹಾಕಿ. ಬಿಸಿಲಲ್ಲಿ ಬೇಡ, ನೆರಳಲ್ಲಿ, ಹಳೇ ಬೆಡ್‌ಶೀಟ್ ಹಾಸಿ ಅದರ ಮೇಲೆ ಅಗಲಕ್ಕೆ ಹರಡಿ. ತಂತಿ ಮೇಲೆ ನೇತುಹಾಕಿದರೆ ಜರಿಯ ಭಾರಕ್ಕೆ ಸೀಳು ಇನ್ನೂ ಬೆಳೆಯುತ್ತದೆ. ವಾಸನೆ ಹೋಗಲು ಕೆಲವು ದಿನ ಬೇಕು. ಸೆಂಟು ಹೊಡೆಯಬೇಡಿ, ಜರಿ ಕಪ್ಪಾಗುತ್ತದೆ. ನುಸಿ ಗುಳಿಗೆ ನೇರವಾಗಿ ಜರಿಗೆ ತಾಗಿದರೂ ಅದೇ ಪಾಡು. ಕಪ್ಪಾದ ಜರಿಯನ್ನು ನಿಂಬೆಹಣ್ಣು, ಹುಣಸೆಹಣ್ಣು, ಪೇಸ್ಟು ಹಾಕಿ ಉಜ್ಜುವುದು ಮಾತ್ರ ಯಾರು ಹೇಳಿದರೂ ಬೇಡ. ಮೇಲಿನ ಚಿನ್ನದ ಲೇಪ ಎಷ್ಟು ತೆಳು ಅಂತ ಮೇಲೆ ಓದಿದಿರಲ್ಲ, ಒಂದೇ ಉಜ್ಜಿಗೆ ಹೋಗುತ್ತದೆ.

ಸೀಳಿಗೆ ಹಿಂಬದಿಯಿಂದ ನೆಟ್ ಹಾಕಿಸಿ. ಸೀರೆಗೆ ಫಾಲ್, ಪೀಕೊ ಮಾಡುವವರಲ್ಲಿ ಕೆಲವರು ಮಾಡುತ್ತಾರೆ, ಎಲ್ಲರಿಗೂ ಬರುವುದಿಲ್ಲ, ಮೊದಲು ಮಾಡಿದ್ದು ತೋರಿಸಿ ಅಂತ ಕೇಳಿ. ಒಡಲಿನದ್ದೇ ಬಣ್ಣದ ಮೆತ್ತನೆ ನೆಟ್ ತಗೊಳ್ಳಿ, ಗಡುಸು ನೆಟ್ ಹಾಕಿದರೆ ಕ್ರೇಪ್ ಬೀಳುವ ರೀತಿಯೇ ಹಾಳಾಗುತ್ತದೆ. ಸೀಳಿಗಿಂತ ನಾಲ್ಕು ಬೆರಳು ಆಚೆಗೂ ನೆಟ್ ಹೋಗಬೇಕು. ಸೀಳಿನ ಅಂಚಿಗೇ ಹೊಲಿದರೆ ಹೊಲಿಗೆ ಪಕ್ಕದಲ್ಲೇ ಇನ್ನೊಂದು ಸೀಳು ಬರುತ್ತದೆ. ರೇಷ್ಮೆ ದಾರ, ಸಣ್ಣ ಸೂಜಿ, ಕೈ ಹೊಲಿಗೆ. ರೋಲ್ ಪಾಲಿಶ್‌ಗೆ ಕೊಡಬೇಡಿ, ಅದರಲ್ಲಿ ಸೀರೆಯನ್ನು ಉರುಳೆಗೆ ಸುತ್ತಿ ಎಳೆಯುತ್ತಾರೆ, ಆ ಎಳೆತ ಈ ವಯಸ್ಸಿನ ಬಟ್ಟೆ ತಡೆಯುವುದಿಲ್ಲ. ಉಡುವಾಗ ಸೀಳಿದ ಭಾಗ ನೆರಿಗೆ ಒಳಗೆ ಬರುವ ಹಾಗೆ ನೋಡಿಕೊಳ್ಳಿ, ಪಿನ್ ಚುಚ್ಚುವುದಿದ್ದರೆ ಒಂದು ಚೂರು ಬಟ್ಟೆ ಮಧ್ಯೆ ಇಟ್ಟು ಚುಚ್ಚಿ.

ಇಡುವಾಗ ಪ್ಲಾಸ್ಟಿಕ್ ಕವರ್ ಬೇಡವೇ ಬೇಡ. ನಮ್ಮ ಕಡೆ ಮಳೆಗಾಲದಲ್ಲಿ ಕವರಿನೊಳಗೆ ಬೆವರಿ ಬೂಷ್ಟು ಹಿಡಿದ ಸೀರೆಗಳನ್ನು ನೋಡಿ ಸಾಕಾಗಿದೆ. ಹಳೇ ಮಲ್ ಪಂಚೆ ತೊಳೆದು, ಗಂಜಿ ಇಲ್ಲದ ಹಾಗೆ ಒಣಗಿಸಿ, ಅದರಲ್ಲಿ ಸುತ್ತಿಡಿ. ಗಂಜಿ ಇದ್ದರೆ ಹುಳ ಬರುತ್ತದೆ. ಎರಡು ಮೂರು ತಿಂಗಳಿಗೊಮ್ಮೆ ತೆಗೆದು ಮಡಿಕೆ ಬದಲಿಸಿ, ಒಮ್ಮೆ ಮೂರು ಮಡಿಕೆ, ಇನ್ನೊಮ್ಮೆ ನಾಲ್ಕು. ನಿಮ್ಮ ಸೀರೆ ಸೀಳಿದ್ದು ಉಟ್ಟು ಅಲ್ಲ, ವರ್ಷಗಟ್ಟಲೆ ಒಂದೇ ಗೆರೆಯಲ್ಲಿ ಮಡಚಿ ಇಟ್ಟು.

ಇನ್ನೊಂದು. ಇದನ್ನು ಕತ್ತರಿಸಿ ಮಗುವಿಗೆ ಲಂಗ ಹೊಲಿಸಿ, ಕುರ್ತಾ ಹೊಲಿಸಿ ಅಂತ ಯಾರಾದರೂ ಹೇಳೇ ಹೇಳುತ್ತಾರೆ. ದಯವಿಟ್ಟು ಮಾಡಬೇಡಿ. ಕತ್ತರಿಸಿದ ಮೇಲೆ ಅದು ಮತ್ತೆ ಸೀರೆ ಆಗುವುದಿಲ್ಲ.

ಸೂಜಿ ದಾರ:

ಮಲೆನಾಡ ಟ್ರಂಕು, ನಿಮ್ಮ ಕೊನೇ ಮಾತು ಬಿಟ್ಟು ಉಳಿದದ್ದೆಲ್ಲ ಒಪ್ಪುತ್ತೇನೆ. ಈ ಅರಿಸಿನ ಸೀರೆಯನ್ನು ಕತ್ತರಿಸುವ ಅಗತ್ಯ ಇಲ್ಲ, ಎರಡು ಸೀಳಿಗೆ ನೆಟ್ ಸಾಕು. ಆದರೆ ಒಡಲು ಪೂರ್ತಿ ಪುಡಿಯಾಗಿ, ಮುಟ್ಟಿದ ಕಡೆ ಹರಿಯುವ ಸೀರೆಗಳು ಬರುತ್ತವೆ. ಅವನ್ನು ಹಾಗೇ ಇಟ್ಟುಕೊಂಡರೆ ಮನೆಯವರು ಯಾವತ್ತೋ ಒಂದು ದಿನ ಜರಿ ಕೊಳ್ಳುವವರಿಗೆ ಕೊಟ್ಟುಬಿಡುತ್ತಾರೆ. ಅಂಥದ್ದರ ಅಂಚು, ಸೆರಗು ಬಿಡಿಸಿ ಹೊಸ ಬಟ್ಟೆಗೆ ಹಾಕಿಸುವುದೇ ಸರಿ. ನಾನು ಇದೇ ಕೆಲಸ ಮಾಡುತ್ತೇನೆ, ಅದಕ್ಕೆ ಹೇಳುತ್ತಿದ್ದೇನೆ. ಬೆಂಕಿಗೆ ಹೋಗಬೇಕಿದ್ದ ಅಂಚು ಇನ್ನೂ ಇಪ್ಪತ್ತು ವರ್ಷ ಉಡುವ ಸೀರೆಯಲ್ಲಿ ಇರುತ್ತದೆ.

ಮಲೆನಾಡ ಟ್ರಂಕು:

ಒಡಲು ಅಷ್ಟು ಹೋಗಿದ್ದರೆ ಒಪ್ಪಿದೆ. ಆದರೆ ಚೆನ್ನಾಗಿರುವ ಸೀರೆಗಳನ್ನೇ ಡ್ರೆಸ್ಸಿಗೆ ಕತ್ತರಿಸುವುದು ಈಗ ಜಾಸ್ತಿ ಆಗಿದೆ, ನಾನು ಹೇಳಿದ್ದು ಅದಕ್ಕೆ. ಸರಿ, ಅಂಚು ಹಾಕಿಸುವಾಗ ಏನು ನೋಡಬೇಕು ಅಂತ ನೀವೇ ಬರೆಯಿರಿ, ಮುಂದೆ ಓದುವವರಿಗೆ ಬೇಕಾಗುತ್ತದೆ.

ಸೂಜಿ ದಾರ:

ಬರೆಯುತ್ತೇನೆ. ಅಂಚನ್ನು ಜರಿಯ ಗೆರೆಗೆ ಸರಿಯಾಗಿ ಕತ್ತರಿಸಬಾರದು. ಒಡಲಿನ ಬಟ್ಟೆ ಅರ್ಧ ಇಂಚಾದರೂ ಅದರ ಜೊತೆ ಬಿಡಬೇಕು, ಹೊಲಿಗೆ ಕೂರುವುದು ಆ ಅರ್ಧ ಇಂಚಿನ ಮೇಲೆ. ಆ ಪಟ್ಟಿಯೂ ಜೀರ್ಣ ಆಗಿದ್ದರೆ ಹಿಂದೆ ತೆಳು ಹತ್ತಿ ಬಟ್ಟೆ ಕೊಟ್ಟು ಮೊದಲು ಗಟ್ಟಿ ಮಾಡಿಕೊಳ್ಳಿ. ಹೊಸ ಒಡಲಿಗೆ ಹಳೇ ಬಟ್ಟೆಯಷ್ಟೇ ಭಾರ ಇರುವ ರೇಷ್ಮೆ ಆರಿಸಿ. ತೀರಾ ಹಗುರ ಬಟ್ಟೆ 'ಚೆಂದ ಕಾಣುತ್ತೆ' ಅಂತ ಅಂಗಡಿಯಲ್ಲಿ ಕೊಡುತ್ತಾರೆ, ಜರಿ ಭಾರಕ್ಕೆ ಅದು ಜೋತು ಬೀಳುತ್ತದೆ. ಹೊಸ ಬಟ್ಟೆಯನ್ನು ಹೊಲಿಯುವ ಮೊದಲೇ ಒಮ್ಮೆ ನೀರಿಗೆ ಹಾಕಿ ಒಣಗಿಸಿ. ಇಲ್ಲದಿದ್ದರೆ ಆಮೇಲೆ ಒಡಲು ಕುಗ್ಗಿ ಅಂಚು ಸುಕ್ಕುಗಟ್ಟುತ್ತದೆ. ಬಣ್ಣ ಬಿಡುತ್ತದಾ ಅಂತ ಒದ್ದೆ ಬಿಳಿ ಬಟ್ಟೆ ಒತ್ತಿ ನೋಡಿ, ಹಳೇ ಕಡೆ, ಹೊಸ ಕಡೆ ಎರಡೂ. ಮಶೀನ್ ಹೊಲಿಗೆ ಒಡಲ ಪಟ್ಟಿಯ ಮೇಲೆ ಮಾತ್ರ. ಜರಿ ಮೇಲೆ ಮಶೀನ್ ಸೂಜಿ ಓಡಿದರೆ ತಂತಿ ತುಂಡಾಗುತ್ತದೆ, ಅಲ್ಲಿಂದ ಬಿಚ್ಚಿಕೊಳ್ಳುತ್ತಾ ಹೋಗುತ್ತದೆ. ಸೆರಗು ಕೂಡಿಸುವ ಕಡೆ ಕೈ ಹೊಲಿಗೆಯೇ ಆಗಬೇಕು.

ತೆಗೆದ ಹಳೇ ಒಡಲಿನಲ್ಲಿ ಗಟ್ಟಿ ಇರುವ ತುಂಡು ಸಿಕ್ಕರೆ ಎಸೆಯಬೇಡಿ. ನೆಟ್ ಬದಲು ಅದನ್ನೇ ಬೇರೆ ಸೀರೆಯ ಸೀಳಿಗೆ ಹಿಂಬದಿ ಕೊಡಬಹುದು. ಹಳೇ ಬಣ್ಣಕ್ಕೆ ಹಳೇ ಬಣ್ಣವೇ ಹೊಂದುವುದು.